ಕ್ವಿನೈನ್ ಪೆಟ್ಟಿಗೆಯಲ್ಲಿ ಬಿಳಿ ಜಲ್ಲಿ

“ಏನಂದೆ?” ಎಂದಳು ಮುದುಕಿ. ಇದು ಮೂರನೆಯ ಸಲ.

ಇನ್‌ಸ್ಪೆಕ್ಟರ್ ದುವಾನ್ ವೆನ್‌ಬಿನ್ ಅಂಗೈಯನ್ನು ಇನ್ನಷ್ಟು ಮುಂದೆ ಚಾಚಿದ. ಅಂಗೈಯಲ್ಲಿ ಕೋಳಿಮೊಟ್ಟೆಗಿಂತ ಚಿಕ್ಕದೊಂದು ಜಲ್ಲಿಕಲ್ಲು. ಅದರ ಒಂದು ಮಗ್ಗುಲು ಹೊಗೆ ಹತ್ತಿ ಕಪ್ಪಾಗಿತ್ತು. ಇನ್ನೊಂದು ಮಗ್ಗುಲು ಬೆಳ್ಳಗಿದ್ದು, ನರ ಹರಿದಂತೆ ಹಸಿರು ಗೆರೆಯಿತ್ತು.

“ಈ ಕಲ್ಲು ನಿಮ್ಮೂರಿಂದಾ ಅಂತ ಕೇಳಿದೆ, ಅಜ್ಜಿ.”

“ನಮ್ಮೂರಾ? ಹೂಂ, ಇದೇ ನಮ್ಮೂರು. ದಾರಿ ತಪ್ಪಿದ್ರೆ ಬಂದ ಕಡೆನೇ ಇಳ್ಕೊಂಡು ಹೋಗು.”

ಸುತ್ತ ಕೂತು ಕಲ್ಲು ಒಡೆಯುತ್ತಿದ್ದ ಹೆಂಗಸರಲ್ಲಿ ಒಬ್ಬಳು ಕಿಸಕ್ಕೆಂದಳು. ಉಳಿದವರು ನಗಲಿಲ್ಲ. ಸುತ್ತಿಗೆಗಳು ಏಳುವುದು, ಬೀಳುವುದು ಮಾತ್ರ ನಡೆದೇ ಇತ್ತು. ಒಬ್ಬೊಬ್ಬರ ಬೆನ್ನಿಗೂ ಒಂದೊಂದು ಕೂಸು. ಒಬ್ಬೊಬ್ಬರ ಮುಂದೆಯೂ ಮೊಣಕಾಲೆತ್ತರದ ಜಲ್ಲಿ ರಾಶಿ. ಎಲ್ಲವೂ ಬಿಳಿ, ಎಲ್ಲದರಲ್ಲೂ ಹಸಿರು ಗೆರೆ.

ಆರು ದಿನಗಳ ಹಿಂದೆ ಹದ್ದಿನ ಕೊಕ್ಕಿನ ತಿರುವಿನಿಂದ ಕೊರಕಲಿಗೆ ಉರುಳಿ ಸುಟ್ಟುಹೋದ ಮಿಲಿಟರಿ ಲಾರಿಯ ಬೂದಿಯಲ್ಲಿ, ಚಳಿಜ್ವರದ ಔಷಧಿ ಕ್ವಿನೈನಿನ ಒಂದು ಲೋಡು ಸೀಸೆಗಳಿರಬೇಕಾದಲ್ಲಿ, ದುವಾನನಿಗೆ ಗಾಜಿನ ಒಂದು ಚೂರೂ ಸಿಕ್ಕಿರಲಿಲ್ಲ. ಸಿಕ್ಕಿದ್ದು ಈ ಜಲ್ಲಿ.

ಯುದ್ಧದ ಸರಕು ಸಾಗುವ ಯುನ್ನಾನಿನ ಈ ಲಾರಿ ರಸ್ತೆಯ ಉದ್ದಕ್ಕೂ ಪ್ರತಿ ಹಳ್ಳಿಯವರೂ ತಮ್ಮ ತಮ್ಮ ಪಾಲಿನ ಜಲ್ಲಿಯನ್ನು ಪಕ್ಕದಲ್ಲಿ ರಾಶಿ ಹಾಕಿಡಬೇಕು. ಲಾನ್‌ಚಾಂಗ್ ಹೊಳೆಯ ಸೇತುವೆಗೆ ಜಪಾನಿ ವಿಮಾನ ಬಾಂಬು ಹಾಕಿದಾಗಲೆಲ್ಲ ಗುಂಡಿ ಮುಚ್ಚುವುದು ಅದರಿಂದಲೇ. ದುವಾನ್ ನಿನ್ನೆಯಿಡೀ ಕುದುರೆಯ ಮೇಲೆ ಕೂತು ಆ ರಾಶಿಗಳನ್ನೇ ನೋಡುತ್ತ ಬಂದಿದ್ದ. ಒಂದು ಹಳ್ಳಿಯದು ಬೂದುಗಲ್ಲು, ಇನ್ನೊಂದರದು ಕೆಂಪು, ಮತ್ತೊಂದರದು ಕಲ್ಲಿದ್ದಲಿನಂತೆ ಕಪ್ಪು. ಬಿಳಿಗಲ್ಲಿಗೆ ಹಸಿರು ಗೆರೆ ಇದ್ದದ್ದು ಈ ಬೈಶಿಪಿಂಗಿನಲ್ಲಿ ಮಾತ್ರ.

ಆದರೆ ಈ ಊರಿನಲ್ಲಿ ಅವನಿಗೆ ಒಂದು ಸಂಗತಿ ಹಿಡಿಸಿರಲಿಲ್ಲ.

ಹಿಂದಿನ ಕಾಲುದಾರಿಯ ಬುಡದಲ್ಲಿ ಕುದುರೆ ಕಟ್ಟಿ ಹತ್ತಿ ಬಂದ ಅವನು ಅಂಗಳಕ್ಕೆ ಕಾಲಿಟ್ಟಾಗಲೇ ಸುತ್ತಿಗೆಗಳೆಲ್ಲ ಒಟ್ಟಿಗೆ ನಿಂತಿದ್ದವು. ಒಬ್ಬ ತಾಯಿ ಬೆನ್ನಿನ ಕೂಸನ್ನು ಬಿಚ್ಚಿ ಎದೆಗವಚಿಕೊಂಡಿದ್ದಳು. ಇನ್ನೊಬ್ಬಳು, ಎಳೆ ವಯಸ್ಸಿನವಳು, “ಲಾರಿ ಎಲ್ಲಿ ಬಿಟ್ಟೆ?” ಎಂದು ಕೇಳಿ, ಪಕ್ಕದವಳಿಂದ ಮೊಣಕೈಯಲ್ಲಿ ತಿವಿಸಿಕೊಂಡಿದ್ದಳು. ಕುದುರೆಯ ಮೇಲೆ ಬಂದವನನ್ನು ಅಣಕಿಸುತ್ತಿದ್ದಾಳೆ ಎಂದುಕೊಂಡಿದ್ದ ದುವಾನ್. ಅವನ ಮೈಮೇಲೆ ಸಮವಸ್ತ್ರವಿರಲಿಲ್ಲ. ಬಣ್ಣಗೆಟ್ಟ ನೀಲಿ ಹತ್ತಿಯ ನಿಲುವಂಗಿ ತೊಟ್ಟಿದ್ದ. ತಾನು ಪೊಲೀಸಿನವನೆಂದು ಬಾಯಿಬಿಟ್ಟು ಹೇಳುವ ಮೊದಲೇ ಇವರ ಮುಖ ಗಂಟಿಕ್ಕಿತ್ತು.

ಹೇಳಿದ ಮೇಲಂತೂ ಕೇಳುವುದೇ ಬೇಡ. ಈ ಗುಡ್ಡಗಳಲ್ಲಿ ಶತ್ರು ಬಂದರೂ ಹುರಿದ ಎಲೆಯ ಚಹಾ ಒಂದು ಬಟ್ಟಲು ಕೈಗೆ ಬರುತ್ತದೆ. ಒಲೆಯ ಮೇಲೆ ಮಣ್ಣಿನ ಕುಡಿಕೆಯಲ್ಲಿ ಚಹಾದ ಎಲೆ ಚಟಪಟಗುಟ್ಟುತ್ತಿತ್ತು. ಯಾರೂ ಏಳಲಿಲ್ಲ.

“ನಿಮ್ಮ ಮುಖಂಡರು ಯಾರು?” ಎಂದು ದುವಾನ್ ಕೇಳಿದ.

“ಏನು?” ಎಂದಳು ಎಳೆಯವಳು, ಹಣೆ ಸುಕ್ಕುಗಟ್ಟಿಸಿ.

“ಮುಖಂಡರು! ಈ ಗುಂಪಿನ ಮುಖಂಡರು!”

“ಅಷ್ಟು ದೂರದಿಂದ ಗೊಣಗಿದ್ರೆ ಹೇಗೆ? ಊಟ ಮಾಡಿ ಬಂದಿಲ್ವಾ?”

ದುವಾನನಿಗೆ ರೇಗಿತು. ಹೊಲದ ಕಳ್ಳತನ, ಹೆಂಡದ ಜಗಳ, ಗಡಿ ದಾಟಿ ಬರುವ ಅಫೀಮು ಅಂತ ಹತ್ತಾರು ವರ್ಷ ಈ ಬೆಟ್ಟಗಳ ಜನರನ್ನು ಕಂಡವನು ಅವನು. ಬಾಯಿಗೆ ಬೀಗ ಹಾಕಿ ಕೂರುವವರನ್ನು ಕಂಡಿದ್ದ, ಬೈಯುವವರನ್ನು ಕಂಡಿದ್ದ. ಇಡೀ ಊರು ಸೇರಿ ಕಿವುಡು ನಟಿಸುವುದನ್ನು ಇದೇ ಮೊದಲು ನೋಡುತ್ತಿದ್ದ.

ಆಗ ಒಂದು ಕೂಸು ಅತ್ತಿತು.

ಅದು ಸಣ್ಣ ಅಳುವಲ್ಲ, ಗಂಟಲು ಹರಿಯುವ ಅಳು. ಅದನ್ನು ಬೆನ್ನಿಗೆ ಕಟ್ಟಿಕೊಂಡ ತಾಯಿ ತಿರುಗಲೂ ಇಲ್ಲ. ಸುತ್ತಿಗೆ ಎತ್ತಿದಳು, ಹೊಡೆದಳು, ಮತ್ತೆ ಎತ್ತಿದಳು. ಕೂಸು ಕಾಲು ಝಾಡಿಸಿ ಅವಳ ಸೊಂಟಕ್ಕೆ ಒದ್ದಾಗ ಮಾತ್ರ ಬೆಚ್ಚಿ ಹಿಂದೆ ಕೈಹಾಕಿದಳು.

ದುವಾನ್ ಅಲ್ಲೇ ನಿಂತ. ತನ್ನ ಕೂಸಿನ ಅಳು ಕೇಳಿಸದಂತೆ ಯಾವ ತಾಯಿಯೂ ನಟಿಸಲಾರಳು.

ಅವನು ಈಗ ಬಾಯಿ ಮುಚ್ಚಿ ಕಣ್ಣು ತೆರೆದ. ಗೋಡೆಗೊರಗಿ ಕೂತಿದ್ದ ಮುದುಕನೊಬ್ಬ ಕಿವಿಯೊಳಗೆ ಕಿರುಬೆರಳು ಹಾಕಿ ಕುಲುಕುತ್ತಿದ್ದ. ನಾಲ್ಕೈದು ವರ್ಷದ ಹುಡುಗಿಯೊಂದು ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಈಜಿ ಬಂದವರು ಕಿವಿಯ ನೀರು ತೆಗೆಯುವಂತೆ ಒಂಟಿಕಾಲಲ್ಲಿ ಕುಪ್ಪಳಿಸುತ್ತಿತ್ತು.

“ಏನಾಯ್ತು ಪುಟ್ಟಿ ಕಿವಿಗೆ?” ಎಂದು ಅವನು ಬಾಗಿ, ಅದರ ಕಿವಿಗೇ ಬಾಯಿಟ್ಟು ಕೇಳಿದ.

“ಜೀರುಂಡೆ ಹೊಕ್ಕಿದೆ,” ಎಂದಿತು ಹುಡುಗಿ. “ಜೀಂ ಅಂತದೆ. ಅಮ್ಮನ ಕಿವೀಲೂ ಇದೆ.”

ಆ ಜೀರುಂಡೆ ದುವಾನನಿಗೆ ಗೊತ್ತಿತ್ತು. ಮೂರು ವರ್ಷದ ಕೆಳಗೆ ನೂ ಹೊಳೆಯ ಕಣಿವೆಯಲ್ಲಿ ಚಳಿಜ್ವರ ಬಂದು ಮಲಗಿದಾಗ, ಮಿಷನ್ ಆಸ್ಪತ್ರೆಯ ವೈದ್ಯರು ಕಹಿ ಮಾತ್ರೆಗಳನ್ನು ನುಂಗಿಸಿದ್ದರು. ಜ್ವರ ಬಿಟ್ಟಿತು, ಕಿವಿ ಕೂಡ ಬಿಟ್ಟುಹೋಯಿತು. ವಾರದ ತನಕ ತಲೆಯೊಳಗೆ ಜೀರುಂಡೆಗಳ ಸಂತೆ. “ಕ್ವಿನೈನ್ ಅಂದ್ರೆ ಹಾಗೇನಪ್ಪ, ಜೀವ ಕೊಟ್ಟು ಕಿವಿ ಅಡ ಇಟ್ಕೊಳ್ಳುತ್ತೆ, ಆಮೇಲೆ ವಾಪಸ್ಸು ಕೊಡುತ್ತೆ,” ಎಂದು ವೈದ್ಯರು ನಕ್ಕಿದ್ದರು.

ಇನ್ನೊಂದು ಪರೀಕ್ಷೆ ಬಾಕಿಯಿತ್ತು. ದುವಾನ್ ಅಂಗಳದ ನಡುವೆ ನಿಂತು, ಯಾರ ಮುಖವನ್ನೂ ನೋಡದೆ, ಕಲ್ಲಿನ ರಾಶಿಗೆ ಹೇಳುವವನಂತೆ ಮೆಲ್ಲಗೆ ನುಡಿದ:

“ವಿಮಾನ ಬಂತು.”

ಈ ರಸ್ತೆಯಲ್ಲಿ ಆ ಎರಡು ಮಾತಿಗೆ ಸತ್ತವರೂ ಎದ್ದು ಓಡುತ್ತಾರೆ. ಇಲ್ಲಿ ಒಂದು ಸುತ್ತಿಗೆಯೂ ನಿಲ್ಲಲಿಲ್ಲ.

ಒಬ್ಬಳು ಮಾತ್ರ ತಲೆಯೆತ್ತಿ ಆಕಾಶ ನೋಡಿದಳು.

ಒಲೆಯ ಹಿಂದೆ ಕೂತಿದ್ದ, ಐವತ್ತು ದಾಟಿದ ಹೆಂಗಸು. ಎಲುಬು ಚರ್ಮ ಬಿಟ್ಟರೆ ಮೈಯಲ್ಲಿ ಏನೂ ಇಲ್ಲ. ಮುಖ ಹಳದಿ ತಿರುಗಿತ್ತು. ಆಕಾಶ ಖಾಲಿಯಿರುವುದನ್ನು ಕಂಡು ಅವಳ ಕಣ್ಣು ನಿಧಾನವಾಗಿ ಇಳಿದು, ಅವನ ಮುಖದ ಮೇಲೆ ನಿಂತಿತು. ಅಲ್ಲಿಂದ ಸರಿದು ಅವನ ಎಡಗಿವಿಯ ಮೇಲೆ ಒಂದು ಗಳಿಗೆ ತಂಗಿತು.

“ಕಿವಿ ಕೇಳಿಸೋರು ಊರಲ್ಲಿ ನೀವೊಬ್ಬರೇ ಅಂತ ಕಾಣುತ್ತೆ, ದೊಡ್ಡಮ್ಮ,” ಎಂದ ದುವಾನ್. “ಮಾತ್ರೆ ಎಲ್ರಿಗೂ ಕೊಟ್ರಿ. ನೀವು ತಗೊಳ್ಳಲಿಲ್ಲ.”

“ಯಾರೋ ನಿನಗೆ ದೊಡ್ಡಮ್ಮ?” ಎಂದಳು ಅವಳು.

*

ಅವಳ ಹೆಸರು ಜಾವ್ ಜಿನ್‌ಮೆಯ್. ಗುಂಪಿನ ಮುಖಂಡಳು ಅವಳೇ. ಎದ್ದವಳು ಅವನನ್ನು ಕರೆಯಲೂ ಇಲ್ಲ, ಬೇಡವೆನ್ನಲೂ ಇಲ್ಲ. ಮನೆಗಳ ಹಿಂದಿನ ಏರನ್ನು ಹತ್ತತೊಡಗಿದಳು. ದುವಾನ್ ಹಿಂಬಾಲಿಸಿದ. ಅವನ ಹಿಂದೆ, ಒಬ್ಬೊಬ್ಬರಾಗಿ, ಹೆಂಗಸರು ಎದ್ದು ಬಂದರು. ಸುತ್ತಿಗೆಗಳನ್ನು ಯಾರೂ ಕೆಳಗಿಟ್ಟಿರಲಿಲ್ಲ.

ಮೇಲೆ ಒಂದು ಉದ್ದನೆಯ ಹುಲ್ಲಿನ ಗುಡಿಸಲು. ಒಳಗೆ ಜೋಳದ ಸಿಪ್ಪೆಯ ಹಾಸಿಗೆಗಳು. ಮಕ್ಕಳು, ಬಸುರಿಯರು, ಮುದುಕರು. ಜ್ವರದ ಹುಳಿವಾಸನೆ ಇನ್ನೂ ಗಾಳಿಯಲ್ಲಿತ್ತು. ಆದರೆ ಮಲಗಿದ್ದವರಿಗಿಂತ ಎದ್ದು ಕೂತವರು ಹೆಚ್ಚು. ಒಬ್ಬ ಹುಡುಗ ಗಂಜಿಯ ಬಟ್ಟಲನ್ನು ನೆಕ್ಕುತ್ತಿದ್ದ.

“ನೋಡು. ಕಣ್ತುಂಬಾ ನೋಡ್ಕೊ,” ಎಂದಳು ಜಿನ್‌ಮೆಯ್. “ಹೋದ ತಿಂಗಳು ಬಂದಿದ್ರೆ ಇಲ್ಲಿ ಹೆಣ ನೋಡ್ತಿದ್ದೆ. ನನ್ನ ಸೊಸೇನ ಆ ಮೂಲೆಯಿಂದ ಎತ್ತಿದ್ವಿ. ಮೊಮ್ಮಗ ಅವಳ ಹಿಂದೇನೆ ಹೋದ. ಮಳೆಗಾಲದಲ್ಲಿ ಹೊಳೆದಡದಲ್ಲಿ ಗುಂಡಿ ಮುಚ್ಚೋಕೆ ಕಳಿಸ್ತೀರಿ. ಸೊಳ್ಳೆಗೆ ನಾವು, ರಸ್ತೆಗೆ ನಾವು. ಔಷಧಿ ದಿನಾ ನಮ್ಮ ಮೂಗಿನ ಮುಂದೇನೆ ಲಾರೀಲಿ ಹೋಗುತ್ತೆ. ನಮ್ಮ ಪಾಲಿಗೆ ಧೂಳು.”

“ಆ ಔಷಧಿ ಯುದ್ಧದಲ್ಲಿರೋ ಸಿಪಾಯಿಗಳಿಗೆ, ದೊಡ್ಡಮ್ಮ.”

“ನನ್ನ ಮಗನೂ ಸಿಪಾಯಿನೇ. ಹೋಗಿ ಎರಡು ವರ್ಷ ಆಯ್ತು. ಅವನಿಗೆ ಒಂದು ಮಾತ್ರೆ ತಲುಪಿದೆಯಾ ಕೇಳಿ ಬಂದು ಹೇಳು. ಆಮೇಲೆ ನನಗೆ ಬುದ್ಧಿ ಹೇಳುವಿಯಂತೆ.”

“ಮಿಲಿಟರಿ ಔಷಧಿ ಕದ್ದೋರಿಗೆ ಏನು ಶಿಕ್ಷೆ ಗೊತ್ತಾ?” ಎಂದು ಕೇಳಿದ ದುವಾನ್.

ಹಿಂದಿನಿಂದ ಎಳೆಯವಳ ದನಿ ಬಂತು. ಕಿವಿ ಮಂದವಾದವರ ಹಾಗೆ ಅವಳು ಕೂಗಿಯೇ ಮಾತಾಡುತ್ತಿದ್ದಳು. “ಅತ್ತೇ, ಇವನನ್ನ ಯಾಕೆ ಮಾತಾಡಿಸ್ತೀಯ? ಇವನು ಇಳಿದು ಹೋದ್ರೆ ನಾಳೆ ಮಿಲಿಟರಿ ಬರುತ್ತೆ. ಕೊರಕಲು ಇಲ್ಲೇ ಇದೆ. ಕುದುರೆ ಜಾರಿತು ಅಂದ್ರಾಯ್ತು!”

“ಹೌದೌದು, ದಿನಾ ಒಂದು ಬೀಳುತ್ತೆ,” ಎಂದಳು ಇನ್ನೊಬ್ಬಳು.

ಹೆಂಗಸರು ಗುಡಿಸಲಿನ ಬಾಗಿಲಿಗೆ ಅಡ್ಡ ನಿಂತಿದ್ದರು. ದುವಾನನ ಕೈ ನಿಲುವಂಗಿಯ ಒಳಗಿನ ಪಿಸ್ತೂಲಿನ ಕಡೆಗೆ ಹೋಗಿ, ಅರ್ಧಕ್ಕೇ ನಿಂತಿತು. ಯಾರ ಮೇಲೆ ಗುಂಡು ಹಾರಿಸುವುದು? ಬೆನ್ನಿಗೆ ಕೂಸು ಕಟ್ಟಿಕೊಂಡವಳ ಮೇಲೆಯೇ?

ಅವನು ಕೈಯನ್ನು ಹೊರಗೆ ತೆಗೆದು, ಖಾಲಿ ಅಂಗೈಯನ್ನು ಎಲ್ಲರಿಗೂ ಕಾಣುವಂತೆ ಹಿಡಿದ. ಆಮೇಲೆ ಜಿನ್‌ಮೆಯ್‌ಗೆ ಮಾತ್ರ ಕೇಳಿಸುವಷ್ಟು ದನಿಯಲ್ಲಿ ಹೇಳಿದ:

“ಲಿಮ್ ಅಂತ ಒಬ್ಬ ಹುಡುಗ ಇದಾನೆ. ಕಡಲಾಚೆ ಪಿನಾಂಗಿನವನು. ಅಪ್ಪನ ಸೈಕಲ್ ಅಂಗಡಿ ಬಿಟ್ಟು, ಯುದ್ಧಕ್ಕೆ ನೆರವಾಗ್ತೀನಿ ಅಂತ ಲಾರಿ ಓಡಿಸೋಕೆ ಬಂದ. ಆ ಲಾರಿ ಅವನದು. ಅವನೇ ಮಾತ್ರೆ ಮಾರಿಕೊಂಡು, ಜೊತೆಗಾರ ಗೆಂಗ್‌ನ ಕೊಂದು, ಲಾರಿ ಉರುಳಿಸಿದ ಅಂತ ಮಿಲಿಟರಿಯ ಕ್ಯಾಪ್ಟನ್ ಫು ತೀರ್ಮಾನ ಮಾಡಿದಾರೆ. ನಾಳೆ ಬೆಳಿಗ್ಗೆ ಅವನನ್ನ ಇಲ್ಲೇ ಕೆಳಗೆ ಹೊಳೆದಂಡೇಲಿ ನಿಲ್ಲಿಸಿ ಗುಂಡು ಹೊಡೀತಾರೆ.”

ಜಿನ್‌ಮೆಯ್ ಮೊದಲ ಬಾರಿಗೆ ಕಣ್ಣು ಮಿಟುಕಿಸಿದಳು.

“ಯಾರು? ಜ್ವರದ ಹುಡುಗನಾ?”

“ಅವನಿಗೆ ಜ್ವರ ಇತ್ತು ಅಂತ ನಿಮಗೆ ಹೇಗೆ ಗೊತ್ತು?”

ಬಾಯಿ ಜಾರಿತ್ತು. ಅವಳು ತುಟಿ ಕಚ್ಚಿಕೊಂಡಳು. ದುವಾನ್ ಅವಸರ ಮಾಡಲಿಲ್ಲ. ಮೊನ್ನೆ ಲಾಕಪ್ಪಿನಲ್ಲಿ ಕಂಡ ಲಿಮ್‌ನ ಮುಖ ಅವನ ಕಣ್ಣ ಮುಂದಿತ್ತು. ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದ ಹುಡುಗ. ‘ಬಾವೊಶಾನ್ ಊರು ದಾಟಿದ ಮೇಲೆ ಏನೂ ನೆನಪಿಲ್ಲ ಸಾರ್. ಕಣ್ಣು ಬಿಟ್ಟಾಗ ಪೊದೇಲಿ ಬಿದ್ದಿದ್ದೆ, ಕೆಳಗೆ ಲಾರಿ ಉರೀತಿತ್ತು’ ಎಂದಿದ್ದ. ತನ್ನನ್ನು ಬಿಡಿಸಿ ಎಂದು ಒಂದು ಸಲವೂ ಕೇಳಿರಲಿಲ್ಲ. ಹೊರಡುವಾಗ ಒಂದೇ ಒಂದು ಪ್ರಶ್ನೆ ಕೇಳಿದ್ದ: ‘ಗೆಂಗ್ ಅಣ್ಣನನ್ನ ಮಣ್ಣು ಮಾಡಿದ್ರಾ?’ ಆ ಪ್ರಶ್ನೆಯ ಬಲದ ಮೇಲೆಯೇ ದುವಾನ್ ಕುದುರೆ ಹತ್ತಿ ಹೊರಟಿದ್ದು.

“ದೊಡ್ಡಮ್ಮ, ನಾನು ಈ ಗುಡಿಸಲ ಒಳಗೆ ಬಂದೇ ಇಲ್ಲ,” ಎಂದ ಅವನು. “ಇಲ್ಲಿ ಏನೂ ನೋಡಿಲ್ಲ. ಆ ಮಾತ್ರೆ ತಂದವರು ಯಾರು? ಅದೊಂದು ಸಾಕು ನನಗೆ.”

“ಪೊಲೀಸಿನವನ ಮಾತು ನೀರ ಮೇಲೆ ಬರೆದ ಬರಹ.”

“ಸರಿ. ನಂಬಬೇಡಿ. ಕೊರಕಲಿಗೆ ತಳ್ಳಿ. ಆದರೆ ನಾಳೆ ಗುಂಡಿನ ಸದ್ದು ಕೇಳಿಸೋದು ಈ ಊರಲ್ಲಿ ನಿಮ್ಮೊಬ್ಬರ ಕಿವಿಗೇ.”

ಅದು ಕ್ರೂರವಾದ ಮಾತಾಗಿತ್ತು. ಆಡಿದ ಮೇಲೆ ಅವನಿಗೇ ನಾಚಿಕೆಯಾಯಿತು. ಜಿನ್‌ಮೆಯ್ ಗೋಡೆಗೆ ಕೈಯೂರಿ ನಿಧಾನವಾಗಿ ಕುಕ್ಕರಗಾಲಿನಲ್ಲಿ ಕೂತಳು. ಅವಳ ಮೈಯಲ್ಲೂ ಜ್ವರವಿತ್ತು. ಹಲ್ಲು ಕಟಕಟನೆ ಕಡಿಯುವುದು ದುವಾನನಿಗೆ ಕೇಳಿಸಿತು.

“ಅವನು ‘ಅಮ್ಮಾ, ಅಮ್ಮಾ’ ಅಂತಿದ್ದ,” ಎಂದಳು. “ಲಾರೀಲಿ, ಮುಂದಿನ ಸೀಟಲ್ಲಿ. ಕಂಬಳಿ ಸುತ್ತಿಕೊಂಡು. ಅದ್ಯಾವ ಭಾಷೇನೋ, ಅಮ್ಮ ಅನ್ನೋದು ಮಾತ್ರ ತಿಳೀತು. ಹಣೆಗೆ ಒದ್ದೆ ಬಟ್ಟೆ ಹಾಕಿದೆ. ಒಂದು ಮಾತ್ರೆ ಕೊಡು ಅವನಿಗೂ ಅಂದೆ. ಕೊಡ್ತೀನಿ ಬಿಡು ಅತ್ತೆ ಅಂದ ಓಡಿಸ್ತಿದ್ದೋನು.”

“ಓಡಿಸ್ತಿದ್ದವನು ಗೆಂಗಾ? ಎತ್ತರಕ್ಕೆ, ಉತ್ತರದ ಕಡೆಯ ಮಾತು?”

“ಅಲ್ಲ. ಎತ್ತರದವನು ಹಿಂದೆ ಮಲಗಿದ್ದ. ಪೆಟ್ಟಿಗೆಗಳ ಮೇಲೆ, ಮುಖದ ಮೇಲೆ ಟೋಪಿ ಹಾಕ್ಕೊಂಡು. ಬೆಳಗಿಂದ ಓಡಿಸಿ ಸುಸ್ತಾಗಿದಾನೆ, ಎಬ್ಬಿಸಬೇಡಿ ಅಂದ ಇವನು. ನಾವು ಅವನ ಕೆಳಗಿಂದಲೇ ಒಂದೊಂದು ಪೆಟ್ಟಿಗೆ ಎಳೆದು ಇಳಿಸಿದ್ವಿ. ಸೀಸೆ ತೆಗೆದು ಕಲ್ಲು ತುಂಬಿ ಮತ್ತೆ ಹತ್ತಿಸಿದ್ವಿ.” ಅವಳು ತಡೆದಳು. “ಅಷ್ಟೆಲ್ಲ ಎಳೆದಾಡಿದ್ರೂ ಅವನು ಮಗ್ಗುಲು ಬದಲಾಯಿಸಲಿಲ್ಲ.”

“ಅದು ನಿದ್ದೆ ಅಲ್ಲ ಅಂತ ನಿಮಗೆ ಆಗಲೇ ಗೊತ್ತಾಯ್ತಾ?”

“ಗೊತ್ತಾಗಬಾರದು ಅಂದ್ಕೊಂಡೆ,” ಎಂದಳು ಜಿನ್‌ಮೆಯ್. “ಕಲ್ಲು ತುಂಬಿದ್ದಕ್ಕೆ ಎರಡು ಪೆಟ್ಟಿಗೆ ನಮಗೆ ಬಿಟ್ಟ. ಒಳಗೆ ಈ ಮಕ್ಕಳು ನಡುಗ್ತಾ ಇದ್ವು. ನೀನಾಗಿದ್ರೆ ಟೋಪಿ ಎತ್ತಿ ನೋಡ್ತಿದ್ಯಾ?”

ದುವಾನನ ತಲೆ ಬೇರೆ ಕಡೆ ಓಡುತ್ತಿತ್ತು. ಹಾಗಾದರೆ ಮೂರನೆಯವನೊಬ್ಬ ಇದ್ದ. ಗೆಂಗ್ ಆಗಲೇ ಸತ್ತಿದ್ದ. ಲಿಮ್ ಮೈಮೇಲೆ ಎಚ್ಚರವಿಲ್ಲದೆ ಕೂತಿದ್ದ. ತಿರುವಿನಲ್ಲಿ ಲಿಮ್‌ನನ್ನು ಪೊದೆಗೆಳೆದು ಹಾಕಿ ಲಾರಿಯನ್ನು ಉರುಳಿಸಿದ್ದು ಆ ಮೂರನೆಯವನು. ಒಬ್ಬನನ್ನು ಕೊಂದವನು ಇನ್ನೊಬ್ಬನನ್ನು ಯಾಕೆ ಬದುಕಿಸಿದ? ತಪ್ಪು ಹೊರಿಸಲೆಂದೋ? ಅಥವಾ ‘ಅಮ್ಮಾ’ ಎಂಬ ಕೂಗು ಅವನ ಕಿವಿಗೂ ತಾಗಿತ್ತೋ?

“ನೀವು ಇದನ್ನ ಕ್ಯಾಪ್ಟನ್ ಮುಂದೆ ಹೇಳಬೇಕು, ದೊಡ್ಡಮ್ಮ.”

“ಹೇಳಿದ್ರೆ ಆ ಹುಡುಗ ಉಳೀತಾನೆ. ನಮ್ಮನ್ನ ಸಾಲಾಗಿ ನಿಲ್ಲಿಸ್ತಾರೆ.”

“ಕೊಲೆಗಾರ ಸಿಕ್ಕಿಬಿದ್ರೆ ನಿಮ್ಮ ಎರಡು ಪೆಟ್ಟಿಗೆ ಯಾರೂ ಕೇಳೋದಿಲ್ಲ. ಅವನನ್ನ ಹಿಡಿಯೋಕೆ ಗುರುತು ಹೇಳಿ. ಹೇಗಿದ್ದ? ಎಲ್ಲಿಯವನು?”

ಜಿನ್‌ಮೆಯ್ ಅವನನ್ನು ನೋಡಿದ ನೋಟ ವಿಚಿತ್ರವಾಗಿತ್ತು. ಹೊರಗೆ ಅಂಗಳದಲ್ಲಿ ಅವನ ಎಡಗಿವಿಯನ್ನು ನೋಡಿದ ನೋಟವೇ ಅದು.

“ನಿಜವಾಗ್ಲೂ ಕೇಳ್ತಿದೀಯಾ? ಅಥವಾ ನಾನು ಎಷ್ಟು ಬಾಯಿಬಿಡ್ತೀನಿ ಅಂತ ನೋಡೋಕೆ ಅವನೇ ನಿನ್ನ ಕಳಿಸಿದಾನಾ?”

“ಯಾರು ಕಳಿಸೋದು?”

“ನಮ್ಮ ಮಾತೇ ಆಡ್ತಿದ್ದ. ಸರೋವರದ ಕಡೆಯ ಎಳೆದ ಮಾತು, ನಿನ್ನ ಹಾಗೇನೆ. ಹಾಗೆ ಎಳೆದು ಮಾತಾಡೋದು ಸರೋವರದ ದಡದ ಆ ಶೀಜೌ ಊರಿನವರೇ. ನೀನು ಕಾಲುದಾರಿ ಹತ್ತಿ ಬಂದೆಯಲ್ಲ, ಆಗ ಎಲ್ಲರ ಸುತ್ತಿಗೆ ಯಾಕೆ ನಿಂತಿತು ಅಂದ್ಕೊಂಡೆ? ಪೊಲೀಸು ಅಂತ ನಮಗೆ ಕನಸು ಬಿದ್ದಿತ್ತಾ?” ಅವಳು ಕೈಯೆತ್ತಿ ಅವನ ಹಣೆಯನ್ನೂ ದವಡೆಯನ್ನೂ ಗಾಳಿಯಲ್ಲೇ ಗೀರಿ ತೋರಿಸಿದಳು. “ಇದೇ ಹಣೆ. ಇದೇ ದವಡೆ. ಬಲಗಾಲು ಸ್ವಲ್ಪ ಹೊರಗೆ ಹಾಕಿ ನಡೆಯೋದೂ ಹೀಗೇ. ಅವನೇ ಬಂದ ಅಂದ್ಕೊಂಡ್ವಿ. ಹತ್ತಿರ ಬಂದ ಮೇಲೆ ಕಿವಿ ನೋಡಿ ಗೊತ್ತಾಯ್ತು. ಅವನ ಎಡಗಿವಿ ಅರ್ಧ ಇಲ್ಲ. ಏನೋ ಕಚ್ಚಿ ಕಿತ್ತ ಹಾಗೆ.”

“ಹೇಸರಗತ್ತೆ,” ಎಂದ ದುವಾನ್. ತನ್ನ ದನಿ ತನಗೇ ಬೇರೆ ಯಾರದೋ ದನಿಯಂತೆ ಕೇಳಿಸಿತು.

“ಏನು?”

“ಹೇಸರಗತ್ತೆ ಕಚ್ಚಿದ್ದು. ಅಪ್ಪನ ಹಿಂಡಿನದು. ಆಗ ಅವನಿಗೆ ಏಳು ವರ್ಷ.”

ರಕ್ತ ಸೋರುವ ಕಿವಿಯನ್ನು ಹಿಡಿದುಕೊಂಡು ಅಳದೆ ನಿಂತಿದ್ದ ಪೋರನನ್ನು ಬೆನ್ನ ಮೇಲೆ ಹೊತ್ತು ಊರಿನ ವೈದ್ಯರ ಮನೆಗೆ ಓಡಿದ್ದು ದುವಾನನೇ. ದುವಾನ್ ವೆನ್‌ಲಿಯಾಂಗ್. ಅವನ ಒಬ್ಬನೇ ತಮ್ಮ. ಯುನ್ನಾನಿನ ಪಡೆಗಳ ಜೊತೆ ಉತ್ತರಕ್ಕೆ ಹೋಗಿ, ಥಾಯೆರ್‌ಜುವಾಂಗಿನ ಕಾಳಗದಲ್ಲಿ ಸತ್ತನೆಂದು ಸರಕಾರದ ಮೊಹರು ಬಿದ್ದ ಸುದ್ದಿ ಬಂದು ಮೂರು ವರ್ಷ ಕಳೆದಿತ್ತು. ಅವ್ವ ಅವನ ಹೆಸರಿನ ಹಲಗೆಯನ್ನು ಹಿರಿಯರ ಸಾಲಿನಲ್ಲಿ ಇಟ್ಟಿದ್ದಳು. ಪ್ರತಿ ಅಮಾವಾಸ್ಯೆಗೂ ಅದರ ಮುಂದೆ ಬಿಸಿ ಅನ್ನ, ಒಂದು ಬಟ್ಟಲು ಚಹಾ ಇಟ್ಟು, ಊದುಬತ್ತಿ ಹಚ್ಚಿ, ‘ಚಳಿ ಇದೆಯೇನಪ್ಪ ಅಲ್ಲಿ’ ಎಂದು ಕೇಳುತ್ತಿದ್ದಳು.

“ನಿನ್ನ ಮನೆಯವನಾ?” ಎಂದು ಕೇಳಿದಳು ಜಿನ್‌ಮೆಯ್.

“ತಮ್ಮ.” ಆ ಮಾತು ಬಾಯಿಂದ ಹೊರಬಂದ ಮೇಲೆ ಅದನ್ನು ಹಿಂದಕ್ಕೆ ಎಳೆದುಕೊಳ್ಳುವಂತಿರಲಿಲ್ಲ. “ಸತ್ತುಹೋಗಿದಾನೆ.”

“ಸತ್ತವನು ನನ್ನ ಹತ್ತಿರ ಜಲ್ಲಿ ಕೇಳಿಕೊಂಡು ಬಂದಿದ್ದ.” ಅವಳ ಮುಖದಲ್ಲಿ ಕರುಣೆಯೂ ಇರಲಿಲ್ಲ, ಅಣಕವೂ ಇರಲಿಲ್ಲ. “ಈಗ ಹೇಳಪ್ಪ, ಇನ್‌ಸ್ಪೆಕ್ಟರ್. ಕ್ಯಾಪ್ಟನ್ ಮುಂದೆ ಬಂದು ಗುರುತು ಹೇಳಬೇಕಾ ನಾನು? ಇವನ ಮುಖದ ಹಾಗೇ ಇತ್ತು ಅಂತ ನಿನ್ನ ಕಡೆ ಬೆರಳು ತೋರಿಸಲಾ?”

ಪಿನಾಂಗಿನಲ್ಲಿ ಒಬ್ಬ ತಾಯಿ, ಶೀಜೌನಲ್ಲಿ ಒಬ್ಬ ತಾಯಿ. ಒಬ್ಬಳ ಮಗನನ್ನು ಉಳಿಸಬೇಕೆಂದರೆ ಇನ್ನೊಬ್ಬಳ ಮಗನನ್ನು ಎರಡನೆಯ ಸಲ ಸಾಯಿಸಬೇಕು.

“ಎಲ್ಲಿದಾನೆ?” ಎಂದು ದುವಾನ್ ಕೇಳಿದ. “ಅವನನ್ನ ಎಲ್ಲಿ ಹುಡುಕಲಿ?”

ಜಿನ್‌ಮೆಯ್ ಗುಡಿಸಲಿನ ಮೂಲೆಯತ್ತ ಕೈ ತೋರಿಸಿದಳು. ಜೋಳದ ದಂಟಿನ ಹೊರೆಗಳನ್ನು ಎಳೆಯವಳು ಒಲ್ಲದ ಮನಸ್ಸಿನಿಂದ ಸರಿಸಿದಳು. ಅದರಡಿಯಲ್ಲಿ ಹೊಸ ಮರದ ಪೆಟ್ಟಿಗೆಗಳ ಸಾಲು. ಮುಚ್ಚಳಕ್ಕೆ ಮೊಳೆ ಹೊಡೆದು ಸಿದ್ಧವಾಗಿದ್ದವು. ದುವಾನ್ ಒಂದನ್ನು ಅಲುಗಿಸಲು ನೋಡಿದ. ಅಲುಗಲಿಲ್ಲ. ಕಲ್ಲಿನ ಭಾರ.

“ಇನ್ನೊಂದು ಲಾರಿಗೆ ಬೇಕು ಅಂದ,” ಎಂದಳು ಜಿನ್‌ಮೆಯ್. “ಈ ಸಲ ಮೂರು ಪೆಟ್ಟಿಗೆ ಮಾತ್ರೆ ಕೊಡ್ತೀನಿ ಅಂದ. ಇವತ್ತು ಬರ್ತೀನಿ ಅಂತ ಹೇಳಿ ಹೋಗಿದ್ದ.”

ಬಾಗಿಲಲ್ಲಿ ನಿಂತಿದ್ದ ಹೆಂಗಸೊಬ್ಬಳು ಕೈಯನ್ನು ಹಣೆಗೆ ಅಡ್ಡ ಹಿಡಿದು ಕೆಳಗೆ ನೋಡುತ್ತಿದ್ದಳು. “ಅತ್ತೇ! ಧೂಳು!” ಎಂದು ಕೂಗಿದಳು.

ದುವಾನ್ ಬಾಗಿಲಿಗೆ ಹಾರಿದ. ಬೆಟ್ಟದ ಸೊಂಟ ಸುತ್ತಿ ಬರುವ ರಸ್ತೆಯಲ್ಲಿ ಒಂದೇ ಒಂದು ಲಾರಿ, ಹಸಿರು ಟಾರ್ಪಾಲು ಹೊದ್ದು, ಏರು ಹತ್ತುತ್ತಿತ್ತು. ಗೇರು ಬದಲಿಸಿ, ನರಳಿ, ಕೆಮ್ಮಿ, ಬಂದು ಜಲ್ಲಿ ರಾಶಿಗಳ ಬಳಿ ನಿಂತಿತು. ಎಂಜಿನ್ನು ಆರಿತು.

“ಎಲ್ಲರೂ ಕೆಳಗೆ ಹೋಗಿ. ಏನೂ ಆಗದ ಹಾಗೆ ಕಲ್ಲು ಒಡೀತಾ ಇರಿ,” ಎಂದ ದುವಾನ್. ಪಿಸ್ತೂಲು ಯಾವಾಗ ಕೈಗೆ ಬಂತೋ ಅವನಿಗೇ ತಿಳಿಯಲಿಲ್ಲ. “ದೊಡ್ಡಮ್ಮ, ನೀವು ಅವನನ್ನ ಮಾತಾಡಿಸ್ತಾ ಇರಿ. ಪೆಟ್ಟಿಗೆ ಮೇಲಿದೆ ಅಂತ ಹೇಳಿ. ಅವನೊಬ್ಬನೇ ಹತ್ತಿ ಬರಲಿ.”

“ಬಂದ್ರೆ ಏನ್ಮಾಡ್ತೀಯ? ಹಿಡೀತೀಯಾ? ಇಲ್ಲಾ ಹಿಂದಿನ ದಾರೀಲಿ ಓಡಿಸ್ತೀಯಾ?”

“ಹೋಗಿ, ದೊಡ್ಡಮ್ಮ.”

“ಕೇಳಿದ್ದಕ್ಕೆ ಉತ್ತರ ಹೇಳು.”

ಏನು ಮಾಡುವುದೆಂದು ಅವನಿಗೇ ಗೊತ್ತಿರಲಿಲ್ಲ. ಜಿನ್‌ಮೆಯ್ ಅವನ ಮುಖವನ್ನು ಒಂದು ಗಳಿಗೆ ದಿಟ್ಟಿಸಿದಳು. ನೆಲದ ಮೇಲಿದ್ದ ಸುತ್ತಿಗೆಯನ್ನು ಎತ್ತಿಕೊಂಡು, ಜ್ವರದ ಕಾಲುಗಳನ್ನು ಎಳೆಯುತ್ತ ಇಳಿದು ಹೋದಳು. ಹೆಂಗಸರು ಹಿಂದೆ ಹೋದರು.

ದುವಾನ್ ಗುಡಿಸಲಿನ ಹಿಂದಕ್ಕೆ ಸರಿದು ಹುಲ್ಲಿನ ಗೋಡೆಗೆ ಬೆನ್ನು ಕೊಟ್ಟ. ಅಲ್ಲಿಂದ ಅಂಗಳ ಕಾಣುತ್ತಿರಲಿಲ್ಲ. ಲಾರಿಯ ಬಾಗಿಲು ತೆರೆದ ಸದ್ದು ಕೇಳಿಸಿತು. ಜಲ್ಲಿಯ ಮೇಲೆ ಬೂಟು ಕಿರುಗುಟ್ಟಿತು.

“ಅತ್ತೇ! ತುಂಬಿ ಆಯ್ತಾ?”

ಆ ದನಿ. ಸ್ವಲ್ಪ ಒಡೆದಿತ್ತು, ಸ್ವಲ್ಪ ಗಡುಸಾಗಿತ್ತು. ಆದರೂ ಆ ದನಿಯೇ. ದುವಾನ್ ಪಿಸ್ತೂಲು ಹಿಡಿದ ಕೈಯನ್ನು ಇನ್ನೊಂದು ಕೈಯಿಂದ ಒತ್ತಿ ಹಿಡಿದುಕೊಂಡ.

“ಆಗಿದೆ,” ಎಂದಳು ಜಿನ್‌ಮೆಯ್.

“ಮಕ್ಕಳು ಹೇಗಿದಾವೆ? ಎದ್ದು ಕೂತ್ವಾ?”

“ಕೂತಿವೆ.”

“ಒಳ್ಳೇದಾಯ್ತು.” ಮಾತು ನಿಂತಿತು. ಬೂಟಿನ ಸದ್ದೂ ನಿಂತಿತು. “ಯಾಕೆ ಎಲ್ಲರೂ ಹೀಗೆ ನೋಡ್ತಿದೀರಿ? ಯಾರಾದ್ರೂ ಬಂದಿದ್ರಾ?”

ಸುತ್ತಿಗೆಗಳ ಸದ್ದು ಒಂದೊಂದಾಗಿ ಅಡಗಿತು. ದುವಾನ್ ಮನಸ್ಸಿನಲ್ಲೇ ಅಂದುಕೊಂಡ: ಹೇಳು, ಪೆಟ್ಟಿಗೆ ಮೇಲಿದೆ ಎಂದು ಹೇಳು.

“ಬಂದಿದಾನೆ,” ಎಂದಳು ಜಿನ್‌ಮೆಯ್. ಬೆಟ್ಟಕ್ಕೆ ಕೇಳಿಸುವಂತೆ ದನಿಯೇರಿಸಿ ಹೇಳಿದಳು. “ನಿಮ್ಮಣ್ಣ ಬಂದಿದಾನೆ. ಪೊಲೀಸು. ಮೇಲೆ ಗುಡಿಸಲ ಹಿಂದೆ ಪಿಸ್ತೂಲು ಹಿಡ್ಕೊಂಡು ನಿಂತಿದಾನೆ. ನಿಮ್ಮ ಮನೆ ಲೆಕ್ಕಾಚಾರ ನೀವಿಬ್ಬರೇ ಮುಗಿಸ್ಕೊಳ್ಳಿ. ನಮ್ಮೂರಿಗೆ ತರಬೇಡಿ.”

ಆಮೇಲೆ ಬೂಟುಗಳ ಸದ್ದು ಮತ್ತೆ ಶುರುವಾಯಿತು. ಲಾರಿಯ ಕಡೆಗೆ ಓಡುವ ಹೆಜ್ಜೆಗಳಾಗಿರಲಿಲ್ಲ ಅವು. ಅವಸರವಿಲ್ಲದೆ, ಒಂದರ ಹಿಂದೊಂದು, ಏರನ್ನು ಹತ್ತಿ ಬರುತ್ತಿದ್ದವು.